ಡಿವಿಡಿಯಲ್ಲಿದ್ದ ಮಾತು ಒಟಿಟಿಯಲ್ಲಿ ಎಲ್ಲಿ ಹೋಯ್ತು?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಹಾಸ್ಟೆಲ್ ರೂಮಿನಲ್ಲಿ ‘ಫ್ರೆಂಡ್ಸ್’ ಧಾರಾವಾಹಿಯನ್ನು ಡಿವಿಡಿ ಹಾಕಿಕೊಂಡು ನೋಡುತ್ತಿದ್ದೆ. ಎಷ್ಟು ಸಲ ಅಂದರೆ ಮಾತೆಲ್ಲ ಬಾಯಿಪಾಠ. ಈಗ ತಂಗಿ ಜೊತೆ ಒಟಿಟಿಯಲ್ಲಿ ಮತ್ತೆ ನೋಡುತ್ತಿದ್ದೇನೆ. ಮುಂದಿನ ಮಾತಿಗೆ ನಗಲು ರೆಡಿಯಾಗಿ ಕೂತಿರುತ್ತೇನೆ, ಆ ಮಾತೇ ಬರುವುದಿಲ್ಲ! ಸೀನ್ ಮುಗಿದೇ ಹೋಗಿರುತ್ತದೆ. ‘ಅದೆಲ್ಲ ನಿನ್ನ ಕಲ್ಪನೆ’ ಅಂತಾಳೆ ತಂಗಿ. ಇನ್ನೊಂದು ಕಡೆ, ಆಗ ಕಾಣದ್ದು ಈಗ ಕಾಣುತ್ತಿದೆ. ಒಂದು ಕಂತಿನಲ್ಲಿ ರೇಚಲ್ ಇರಬೇಕಾದ ಜಾಗದಲ್ಲಿ ಬೇರೆ ಯಾರೋ ಹೆಂಗಸು! ಚಾಂಡ್ಲರ್ ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುವ ಒಂದು ಸೀನನ್ನು ಯೂಟ್ಯೂಬಿನಲ್ಲಿ ನೋಡಿದೆ, ಅದು ಯಾವ ಕಂತಿನಲ್ಲೂ ಇಲ್ಲ. ಇದರಲ್ಲಿ ನಿಜವಾದ ‘ಫ್ರೆಂಡ್ಸ್’ ಯಾವುದು ಸರ್?

ಉತ್ತರ: ತಂಗಿಗೆ ಹೇಳಿ, ಪಂದ್ಯ ನೀವೇ ಗೆದ್ದಿರಿ. ನಿಮ್ಮ ನೆನಪು ಸರಿಯಾಗಿಯೇ ಇದೆ. ಹಾಸ್ಟೆಲ್ಲಿನಲ್ಲಿ ನೋಡಿದ್ದು ಒಂದು ಕಟ್, ಅಂದರೆ ಕತ್ತರಿಸಿ ಜೋಡಿಸಿದ ಒಂದು ರೂಪ. ಈಗ ನೋಡುತ್ತಿರುವುದು ಇನ್ನೊಂದು ಕಟ್. ನಾನು ಎಡಿಟಿಂಗ್ ಟೇಬಲ್ ಮುಂದೆ ಕೂತೇ ತಲೆ ನರೆಸಿಕೊಂಡವನು. ಹಾಗಾಗಿ ಕತ್ತರಿಯ ಕಡೆಯಿಂದಲೇ ಹೇಳುತ್ತೇನೆ.

ಮೊದಲು ಗಡಿಯಾರದ ವಿಷಯ. ರೇಚಲ್, ಮೋನಿಕಾ, ಫೀಬಿ, ರಾಸ್, ಚಾಂಡ್ಲರ್, ಜೋಯಿ ಅನ್ನುವ ಆರು ಗೆಳೆಯರ ಹಾಸ್ಯ ಧಾರಾವಾಹಿ ‘ಫ್ರೆಂಡ್ಸ್’ 1994ರ ಸೆಪ್ಟೆಂಬರ್ 22ರಿಂದ 2004ರ ಮೇ 6ರವರೆಗೆ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಬಂತು. 10 ಸೀಸನ್, 236 ಕಂತು. ಹೆಸರಿಗೆ ಅರ್ಧ ಗಂಟೆಯ ಕಾರ್ಯಕ್ರಮ. ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಅದರಲ್ಲೇ ಶುರುವಿನ ಚಿಕ್ಕ ಸೀನ್, ಟೈಟಲ್ ಹಾಡು, ಎರಡು ಮೂರು ಕಥೆಯ ಎಳೆ, ಕೊನೆಯಲ್ಲಿ ಹೆಸರುಗಳು ಓಡುವಾಗ ಬರುವ ಇನ್ನೊಂದು ಪುಟ್ಟ ಸೀನ್, ಎಲ್ಲವೂ ಮುಗಿಯಬೇಕು. 22 ನಿಮಿಷ ಅಂದರೆ 22 ನಿಮಿಷ. ಜೋಕ್ ಚೆನ್ನಾಗಿದೆ ಅಂತ ಅರ್ಧ ನಿಮಿಷ ಜಾಸ್ತಿ ಕೊಡುವ ಪೈಕಿ ಅಲ್ಲ ಚಾನೆಲ್‌ನವರು.

ಆದರೆ ಶೂಟಿಂಗ್ ಆಗುತ್ತಿದ್ದದ್ದು 22 ನಿಮಿಷಕ್ಕಲ್ಲ. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೋ ಇದೆ. ಅಲ್ಲಿನ 24ನೇ ಸ್ಟೇಜಿನಲ್ಲಿ ಸುಮಾರು 300 ಜನ ಪ್ರೇಕ್ಷಕರ ಎದುರಿಗೆ, ನಾಟಕದ ಹಾಗೆ ಸೀನ್ ಆಡಿಸುತ್ತಿದ್ದರು. ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡುತ್ತಿದ್ದವು. ಒಂದು ಕಂತು ಮುಗಿಸಲು ಐದಾರು ಗಂಟೆ ಬೇಕಾಗುತ್ತಿತ್ತು. ಯಾಕೆ ಗೊತ್ತಾ? ಒಂದು ಜೋಕಿಗೆ ಜನ ನಗಲಿಲ್ಲ ಅಂದರೆ ಶೂಟಿಂಗ್ ನಿಲ್ಲಿಸಿ, ಬರಹಗಾರರೆಲ್ಲ ಅಲ್ಲೇ ಗುಂಪು ಸೇರಿ, ಹೊಸ ಮಾತು ಬರೆದು ನಟರ ಕೈಗೆ ಕೊಡುತ್ತಿದ್ದರು. ಮತ್ತೆ ಟೇಕ್. ಹಾಗಾಗಿ ಒಂದೇ ಸೀನಿಗೆ ಮೂರು ನಾಲ್ಕು ಬಗೆಯ ಮಾತು ಫಿಲ್ಮಿನ ಮೇಲೆ ಇರುತ್ತಿತ್ತು. ಎಡಿಟರ್ ಕೈಗೆ ಬರುವಾಗ ಕಂತು ಉಬ್ಬಿಕೊಂಡಿರುತ್ತದೆ. ಅದನ್ನು ಹಿಂಡಿ 22 ನಿಮಿಷಕ್ಕೆ ಇಳಿಸಬೇಕು.

ಇಲ್ಲಿ ನಗುವಿನ ಕಾಟ ಬೇರೆ. ಲಂಡನ್ನಿನ ಕಂತು ನೆನಪಿದೆಯಲ್ಲ, 1998ರ ಮೇನಲ್ಲಿ ಬಂದ ರಾಸ್ ಮದುವೆಯ ಕಂತು? ಚಾಂಡ್ಲರ್ ಹಾಸಿಗೆಯಲ್ಲಿ ಹೊದಿಕೆಯೊಳಗಿಂದ ಮೋನಿಕಾ ತಲೆ ಎತ್ತುತ್ತಾಳೆ. ಆ ಸೀನಿಗೆ ಲಂಡನ್ನಿನ ಸ್ಟುಡಿಯೋದಲ್ಲಿ ಕೂತಿದ್ದ ಜನ ಕೂಗಿದ ಕೂಗು ನಿಲ್ಲಲೇ ಇಲ್ಲ. ನಟರು ಸುಮ್ನೆ ಮುಖ ಮುಖ ನೋಡಿಕೊಂಡು ಕಾಯಬೇಕಾಯಿತು. ಅದೊಂದೇ ಕೂಗಿನ ಬಲದ ಮೇಲೆ ಆ ಜೋಡಿಯ ಕಥೆ ಮುಂದೆ ಮದುವೆಯವರೆಗೂ ಹೋಯಿತು. ಒಂದು ಒಳ್ಳೆಯ ನಗು ಐದಾರು ಸೆಕೆಂಡ್ ತಿನ್ನುತ್ತದೆ. ಇಡೀ ಕಂತಿಗೆ ಲೆಕ್ಕ ಹಾಕಿ. ಜನ ಜಾಸ್ತಿ ನಕ್ಕಷ್ಟೂ ಮಾತಿಗೆ ಜಾಗ ಕಡಿಮೆ.

ಹಾಗಾದರೆ ಕತ್ತರಿ ಎಲ್ಲಿ ಬೀಳುತ್ತದೆ? ನಮ್ಮ ಕಸುಬಿನಲ್ಲಿ ಮೊದಲು ಹೋಗುವುದು ಬಾಗಿಲು ತೆಗೆದು ಒಳಗೆ ಬರುವ ‘ಹಾಯ್ ಹಾಯ್’. ಆಮೇಲೆ ಒಂದೇ ವಿಷಯದ ಮೇಲೆ ಮೂರು ಜೋಕಿದ್ದರೆ ನಡುವಿನದ್ದು. ಅದೂ ಸಾಲದಿದ್ದರೆ ಸೀನಿನ ಬಾಲ, ಅಂದರೆ ದೊಡ್ಡ ನಗು ಬಂದ ಮೇಲೆ ಉಳಿಯುವ ಒಂದೆರಡು ಮಾತು. ನೀವು ಬಾಯಿಪಾಠ ಮಾಡಿಕೊಂಡು ಈಗ ಕಾಯುತ್ತಿರುವ ಮಾತುಗಳನ್ನು ಪಟ್ಟಿ ಮಾಡಿ ನೋಡಿ. ಬಹುಪಾಲು ಆ ಬಾಲಗಳೇ ಆಗಿರುತ್ತವೆ. ‘ಸೀನ್ ಮುಗಿದೇ ಹೋಗಿರುತ್ತದೆ’ ಅಂತ ನೀವೇ ಬರೆದಿದ್ದೀರಲ್ಲ.

ಈಗ ಡಿವಿಡಿಗೆ ಬರೋಣ. ಅಮೆರಿಕದಲ್ಲಿ ಮೊದಲ ಸೀಸನ್ನಿನ ಡಿವಿಡಿ ಪೆಟ್ಟಿಗೆ ಬಂದದ್ದು 2002ರಲ್ಲಿ. ಟಿವಿಯಲ್ಲಿ ಪುಕ್ಕಟೆ ಬಂದದ್ದನ್ನು ದುಡ್ಡು ಕೊಟ್ಟು ಕೊಳ್ಳಲು ಜನರಿಗೆ ಏನಾದರೂ ಆಸೆ ತೋರಿಸಬೇಕಲ್ವಾ? ಕತ್ತರಿಸಿ ಇಟ್ಟಿದ್ದ ಮಾತು, ಸೀನಿನ ಬಾಲ ಎಲ್ಲವನ್ನೂ ಕಂತುಗಳೊಳಗೆ ಮತ್ತೆ ಸೇರಿಸಿದರು. ಅಭಿಮಾನಿಗಳು ಅದನ್ನು ‘ಎಕ್ಸ್‌ಟೆಂಡೆಡ್ ಕಟ್’ ಅನ್ನುತ್ತಾರೆ. ಒಂದೊಂದು ಕಂತು ಎರಡು ಮೂರು ನಿಮಿಷ ಉದ್ದವಾಯಿತು. ನಿಮ್ಮ ಹಾಸ್ಟೆಲ್ ರೂಮಿಗೆ ಬಂದ ಡಿಸ್ಕ್ ಎಲ್ಲಿಂದ ಬಂದದ್ದು ಅಂತ ನಾನು ಕೇಳುವುದಿಲ್ಲ. ಆದರೆ ಅದರ ಮೂಲ ಈ ಪೆಟ್ಟಿಗೆಯೇ.

ಆಮೇಲೆ 2012ರ ನವೆಂಬರ್‌ನಲ್ಲಿ ಬ್ಲೂ-ರೇ, ಅಂದರೆ ಡಿವಿಡಿಗಿಂತ ಸ್ಪಷ್ಟ ಚಿತ್ರದ ಡಿಸ್ಕ್ ಬಂತು. ಚಿತ್ರ ಹೈ ಡೆಫಿನಿಷನ್. ಪರದೆ ಅಗಲ. ಆದರೆ ಕಂತುಗಳು ಮಾತ್ರ ಮೊದಲು ಎನ್‌ಬಿಸಿಯಲ್ಲಿ ಬಂದ ಅಳತೆಗೆ ವಾಪಸ್! ಡಿವಿಡಿಯಲ್ಲಿ ಸೇರಿಸಿದ್ದ ಮಾತುಗಳೆಲ್ಲ ಮತ್ತೆ ಹೊರಗೆ. ಒಟಿಟಿಗೆ ಬಂದದ್ದು ಈ ಹೊಸ ಚಿತ್ರವೇ. ಯಾಕೆ ಹೀಗೆ ಮಾಡಿದರು ಅನ್ನುವುದಕ್ಕೆ ನನ್ನ ಊಹೆ ಸರಳ: ದುಡ್ಡು. ಎಚ್‌ಡಿ ಮಾಡುವುದೆಂದರೆ ಮೂಲ ಫಿಲ್ಮ್ ನೆಗೆಟಿವ್ ಹೊರತೆಗೆದು, ಮತ್ತೆ ಸ್ಕ್ಯಾನ್ ಮಾಡಿ, ಶಾಟ್ ಶಾಟ್ ಜೋಡಿಸಿ, ಬಣ್ಣ ಸರಿಮಾಡುವ ಕೆಲಸ. 236 ಕಂತಿಗೂ ಮಾಡಬೇಕು. ಅದಕ್ಕೆ ಯಾವ ಶಾಟ್ ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಒಂದು ಲಿಸ್ಟ್ ಬೇಕು, ಎನ್‌ಬಿಸಿ ಕಟ್ಟಿನ ಲಿಸ್ಟ್ ಕೈಯಲ್ಲಿತ್ತು.

‘ಫ್ರೆಂಡ್ಸ್’ ಅನ್ನು ಎಚ್‌ಡಿ ಮಾಡಲು ಆದದ್ದೇ ಅದು 35 ಎಂಎಂ ಫಿಲ್ಮಿನಲ್ಲಿ ಶೂಟ್ ಆಗಿದ್ದರಿಂದ. ಹಲವು ಕ್ಯಾಮೆರಾ, ಎದುರಿಗೆ ಜನ, ಫಿಲ್ಮ್: ಈ ಪದ್ಧತಿಗೆ ದಾರಿ ಹಾಕಿಕೊಟ್ಟದ್ದು 1951ರ ಅಮೆರಿಕದ ಹಾಸ್ಯ ಧಾರಾವಾಹಿ ‘ಐ ಲವ್ ಲೂಸಿ’. ವಿಡಿಯೋ ಟೇಪಿನಲ್ಲಿ ಶೂಟ್ ಮಾಡಿದ ಧಾರಾವಾಹಿಗಳಿಗೆ ಈ ಭಾಗ್ಯವಿಲ್ಲ. ಟೇಪಿನಲ್ಲಿ ಎಷ್ಟು ಗೆರೆ ಇದೆಯೋ ಅಷ್ಟೇ. ಅದನ್ನು ಎಷ್ಟು ಉಜ್ಜಿದರೂ ಹೊಸ ವಿವರ ಬರುವುದಿಲ್ಲ.

ಈಗ ನಿಮ್ಮ ‘ಬೇರೆ ಯಾರೋ ಹೆಂಗಸು’. ಆ ಕಾಲದ ಟಿವಿ ಹೆಚ್ಚುಕಡಿಮೆ ಚೌಕಾಕಾರ: ನಾಲ್ಕು ಪಾಲು ಅಗಲ, ಮೂರು ಪಾಲು ಎತ್ತರ. ಕ್ಯಾಮೆರಾಮನ್ ಕಣ್ಣೆಲ್ಲ ಆ ಚೌಕದೊಳಗೆ. ಆದರೆ ಫಿಲ್ಮಿನ ಮೇಲೆ ಎರಡೂ ಪಕ್ಕ ಇನ್ನೂ ಸ್ವಲ್ಪ ಜಾಗ ಇರುತ್ತದೆ. ಅಲ್ಲಿ ಏನು ಬಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಮನೆಯಲ್ಲಿ ಅದು ಕಾಣುವುದೇ ಇಲ್ಲವಲ್ಲ. ಅಗಲ ಪರದೆಗೆ ಬದಲಾಯಿಸುವಾಗ ಆ ಪಕ್ಕದ ಜಾಗ ತೆರೆದುಕೊಂಡಿತು. ಬಾಗಿಲ ಸಂದಿಯಿಂದ ಇಣುಕಿದ ಹಾಗೆ ಸ್ಟುಡಿಯೋದ ಗುಟ್ಟುಗಳೆಲ್ಲ ಹೊರಬಿದ್ದವು.

ನೀವು ನೋಡಿದ್ದು ಒಂಬತ್ತನೇ ಸೀಸನ್ನಿನ ‘ದಿ ಒನ್ ವಿತ್ ದಿ ಮಗ್ಗಿಂಗ್’ ಇರಬೇಕು. ಜೋಯಿ ಮಾತಾಡುತ್ತಿರುತ್ತಾನೆ. ಒಂದೇ ಒಂದು ಕ್ಷಣ ಅಂಚಿನಲ್ಲಿ ರೇಚಲ್ ಪಾತ್ರದ ಜೆನಿಫರ್ ಆನಿಸ್ಟನ್ ಬದಲು ಇನ್ನೊಬ್ಬರು. ಅವರು ಸ್ಟ್ಯಾಂಡ್-ಇನ್. ಜೋಯಿಯ ಮುಖ ಮಾತ್ರ ಬೇಕಾದ ಶಾಟಿನಲ್ಲಿ ಎದುರಿಗೆ ಯಾರಾದರೂ ಇದ್ದರೆ ಸಾಕು, ಸ್ಟಾರ್ ನಟಿಯೇ ಬೇಕಿಲ್ಲ. ನಟನ ಕಣ್ಣು ನಿಲ್ಲಲು ಒಂದು ಗುರುತು ಬೇಕು, ಅಷ್ಟೆ. ಇದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಶೂಟ್ ಮಾಡಿದವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಹತ್ತು ವರ್ಷ ಬಿಟ್ಟು ಇನ್ಯಾರೋ ಬಂದು ಚೌಕಟ್ಟು ಅಗಲಿಸಿದರು.

ಇದರ ಉಲ್ಟಾ ಕೂಡ ಆಗುತ್ತದೆ. ಪಕ್ಕ ತೆರೆಯುವಾಗ ಮೇಲೆ ಕೆಳಗೆ ಕೊಂಚ ಕತ್ತರಿಸಬೇಕಾಗುತ್ತದೆ. ಅಮೆರಿಕದ ಇನ್ನೊಂದು ಹಾಸ್ಯ ಧಾರಾವಾಹಿ ‘ಸೈನ್‌ಫೆಲ್ಡ್’ನಲ್ಲಿ ‘ದಿ ಪಾಟ್‌ಹೋಲ್’ ಅನ್ನುವ ಕಂತಿದೆ. ಹೆಸರೇ ರಸ್ತೆಗುಂಡಿ. 2021ರಲ್ಲಿ ಅದು ನೆಟ್‌ಫ್ಲಿಕ್ಸಿಗೆ ಬಂದಾಗ ಜಾರ್ಜ್ ಅನ್ನುವ ಪಾತ್ರ ರಸ್ತೆಯಲ್ಲಿ ನಿಂತು ಕೆಳಗೆ ನೋಡುತ್ತಾನೆ, ಗುಂಡಿಯೇ ಇಲ್ಲ! ಪರದೆಯ ಕೆಳಗಡೆ ಕತ್ತರಿಸಿಹೋಗಿತ್ತು. ನಮ್ಮ ಬೆಂಗಳೂರಿನಲ್ಲಿ ಗುಂಡಿ ಮುಚ್ಚಲು ಇಷ್ಟು ಸುಲಭದ ದಾರಿ ಇದ್ದಿದ್ದರೆ ಅಂತ ಅನ್ನಿಸಿತು ನನಗೆ. ‘ದಿ ಸಿಂಪ್ಸನ್ಸ್’ ಕಾರ್ಟೂನಿಗೂ ಇದೇ ಗತಿ. ಬಿಯರ್ ಕಾರ್ಖಾನೆಯಲ್ಲಿ ಮೂರು ಬೇರೆ ಬೇರೆ ಹೆಸರಿನ ಬಿಯರ್ ಟ್ಯಾಂಕಿಗೆ ಮೇಲಿಂದ ಒಂದೇ ಪೈಪ್ ಬರುತ್ತಿರುತ್ತದೆ. ಜೋಕೇ ಆ ಪೈಪು. 2019ರ ಕೊನೆಯಲ್ಲಿ ಡಿಸ್ನಿ ಪ್ಲಸ್ ಶುರುವಾದಾಗ ಪೈಪು ಕತ್ತರಿಸಿಹೋಗಿತ್ತು, ಮೂರು ಟ್ಯಾಂಕ್ ಮಾತ್ರ ಉಳಿದಿದ್ದವು. ಜನ ಗಲಾಟೆ ಮಾಡಿದರು. 2020ರ ಮೇನಲ್ಲಿ ಹಳೆಯ ಚೌಕದ ಚಿತ್ರವನ್ನೂ ನೋಡಲು ಅವಕಾಶ ಕೊಟ್ಟರು.

ಇನ್ನು ಏರ್‌ಪೋರ್ಟ್ ಸೀನ್. ಅದು ನಿಜ. ಯಾರೋ ಅಭಿಮಾನಿ ಅಂಟಿಸಿ ಮಾಡಿದ್ದಲ್ಲ. ಇದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ಗಡಿಯಾರ ನೋಡಿ ಕತ್ತರಿಸಿದ್ದಲ್ಲ.

ಎಂಟನೇ ಸೀಸನ್ನಿನ ಮೂರನೇ ಕಂತು ‘ದಿ ಒನ್ ವೇರ್ ರೇಚಲ್ ಟೆಲ್ಸ್…’. ಹೆಸರುಗಳ ಬಗ್ಗೆ ಒಂದು ಮಾತು: ಹೆಚ್ಚುಕಡಿಮೆ ಎಲ್ಲ ಕಂತಿನ ಹೆಸರೂ ‘ದಿ ಒನ್’ ಅಂತಲೇ ಶುರು. ನಾವು ‘ಅದೇ ಕಣೋ, ರಾಸ್ ಚರ್ಮದ ಪ್ಯಾಂಟ್ ಹಾಕ್ಕೊಂಡು ಒದ್ದಾಡ್ತಾನಲ್ಲ, ಆ ಕಂತು’ ಅಂತ ಹೇಳುತ್ತೇವಲ್ಲ, ಆ ಧಾಟಿ. ಸರಿ, ಈ ಕಂತಿನಲ್ಲಿ ತನ್ನ ಮಗುವಿನ ಅಪ್ಪ ನೀನೇ ಅಂತ ರೇಚಲ್ ರಾಸ್‌ಗೆ ಹೇಳುತ್ತಾಳೆ. ಇನ್ನೊಂದು ಎಳೆಯಲ್ಲಿ ಹೊಸದಾಗಿ ಮದುವೆಯಾದ ಮೋನಿಕಾ, ಚಾಂಡ್ಲರ್ ಹನಿಮೂನಿಗೆ ಹೊರಟಿರುತ್ತಾರೆ. ಮೊದಲು ಶೂಟ್ ಮಾಡಿದ ಪ್ರಕಾರ ಏರ್‌ಪೋರ್ಟಿನ ತಪಾಸಣೆ ಜಾಗದಲ್ಲಿ ಒಂದು ಬೋರ್ಡ್ ಇರುತ್ತದೆ. ವಿಮಾನ ಅಪಹರಣ, ಬಾಂಬ್ ಬಗ್ಗೆ ತಮಾಷೆ ಮಾಡುವುದು ಕಾನೂನು ಪ್ರಕಾರ ಅಪರಾಧ ಅಂತ. ಅದನ್ನು ಓದಿದ ಚಾಂಡ್ಲರ್ ಸುಮ್ಮನಿರುತ್ತಾನಾ? ನನ್ನ ಬಗ್ಗೆ ಚಿಂತೆ ಬೇಡ, ಬಾಂಬ್ ವಿಷಯದಲ್ಲಿ ನಾನು ತಮಾಷೆ ಮಾಡುವವನೇ ಅಲ್ಲ ಅನ್ನುವ ಅರ್ಥದ ಒಂದು ಮಾತು ಬಿಡುತ್ತಾನೆ. ಅಷ್ಟೇ. ಗಂಡ ಹೆಂಡತಿ ಇಬ್ಬರನ್ನೂ ಒಂದು ಕೋಣೆಗೆ ಕರೆದುಕೊಂಡು ಹೋಗಿ ವಿಚಾರಣೆ ಶುರುವಾಗುತ್ತದೆ.

ಇದನ್ನು ಶೂಟ್ ಮಾಡಿದ್ದು 2001ರ ಸೆಪ್ಟೆಂಬರ್ 11ಕ್ಕೂ ಮೊದಲು. ಕಂತು ಪ್ರಸಾರ ಆದದ್ದು ಅಕ್ಟೋಬರ್ 11ಕ್ಕೆ. ನಡುವೆ ನ್ಯೂಯಾರ್ಕಿನ ಜೋಡಿ ಗೋಪುರ ಉರುಳಿದವು. ಧಾರಾವಾಹಿಯ ಕಥೆ ನಡೆಯುವುದೇ ನ್ಯೂಯಾರ್ಕಿನಲ್ಲಿ. ಆ ಎಳೆಯನ್ನು ಪೂರ್ತಿ ಕಿತ್ತು, ಹೊಸದಾಗಿ ಬರೆದು, ಮತ್ತೆ ಶೂಟ್ ಮಾಡಿದರು. ಹೊಸ ಎಳೆಯಲ್ಲಿ ಮೋನಿಕಾ ಚಾಂಡ್ಲರ್ ಮುಂದೆ ಇನ್ನೊಂದು ಹನಿಮೂನ್ ಜೋಡಿ ಇರುತ್ತದೆ. ವಿಮಾನದಲ್ಲಿ ಫಸ್ಟ್ ಕ್ಲಾಸ್ ಸೀಟು ಅವರಿಗೆ, ಹೋಟೆಲಿನಲ್ಲಿ ಒಳ್ಳೆಯ ರೂಮು ಅವರಿಗೆ. ಮೋನಿಕಾ ಹೊಟ್ಟೆ ಉರಿದುಕೊಂಡು ಅವರ ಹಿಂದೆ ಓಡುತ್ತಾಳೆ. ನೀವು ಒಟಿಟಿಯಲ್ಲಿ ನೋಡುವುದು ಇದು. ಹಳೆಯ ಎಳೆ ಆಮೇಲೆ ಹೊರಬಂತು, ಅದನ್ನೇ ನೀವು ಯೂಟ್ಯೂಬಿನಲ್ಲಿ ನೋಡಿದ್ದು.

ಅದನ್ನು ಮತ್ತೊಮ್ಮೆ ಗಮನವಿಟ್ಟು ನೋಡಿ. ಜನ ನಗುತ್ತಿದ್ದಾರೆ, ಜೋರಾಗಿ. ಆ ನಗುವಿನಲ್ಲಿ ಒಂಚೂರೂ ಹಿಂಜರಿಕೆ ಇಲ್ಲ. ಕೆಲವೇ ದಿನ ಆದಮೇಲೆ ಅದೇ ಜನ ಅದೇ ಮಾತಿಗೆ ಹಾಗೆ ನಗಲು ಸಾಧ್ಯವೇ ಇರಲಿಲ್ಲ. ಕಟ್ ಸೀನುಗಳಲ್ಲಿ ನನಗೆ ಎಲ್ಲಕ್ಕಿಂತ ಮೈ ಜುಮ್ಮೆನ್ನಿಸುವುದು ಇದೇ. ಜೋಕ್ ಕೆಟ್ಟದ್ದಾಗಿತ್ತು ಅಂತಲ್ಲ, ಅದರ ಕೆಳಗಿನ ನೆಲವೇ ಸರಿದುಹೋಯಿತು. ಆ ಸೀಸನ್ನಿನ ಮೊದಲ ಕಂತು ಸೆಪ್ಟೆಂಬರ್ 27ಕ್ಕೆ ಬಂದಾಗ ಅದನ್ನು ನ್ಯೂಯಾರ್ಕಿನ ಜನರಿಗೆ ಅರ್ಪಿಸಿದ್ದರು. ಹಳೆಯ ಸೀಸನ್ನುಗಳಲ್ಲಿ ಸೀನ್ ಸೀನಿನ ನಡುವೆ ತೋರಿಸುವ ಊರಿನ ಚಿತ್ರಗಳಲ್ಲಿ ಆ ಎರಡು ಗೋಪುರ ಈಗಲೂ ನಿಂತಿವೆ. ಅದನ್ನು ಅಳಿಸಲಿಲ್ಲ. ಒಳ್ಳೆಯದೇ ಮಾಡಿದರು.

ಕತ್ತರಿ ಹಾಕದೆ ಕಥೆಯೇ ಬದಲಾದದ್ದೂ ಉಂಟು. ಮೂರನೇ ಸೀಸನ್ನಿನ ಎರಡನೇ ಕಂತು ‘ದಿ ಒನ್ ವೇರ್ ನೋ ಒನ್ಸ್ ರೆಡಿ’. ಇಡೀ ಕಂತು ಮೋನಿಕಾ ಮನೆಯೊಳಗೇ. ರಾಸ್ ಗಡಿಯಾರ ನೋಡುತ್ತ ಎಲ್ಲರನ್ನೂ ಹೊರಡಿಸಲು ಪರದಾಡುತ್ತಾನೆ. ಜೋಯಿ, ಚಾಂಡ್ಲರ್ ಒಂದು ಕುರ್ಚಿಗೆ ಜಗಳವಾಡುತ್ತಾರೆ. ಇಬ್ಬರೂ ಕುರ್ಚಿಗೆ ಹಾರುವ ಒಂದು ಟೇಕಿನಲ್ಲಿ ಜೋಯಿ ಪಾತ್ರದ ಮ್ಯಾಟ್ ಲೆಬ್ಲಾಂಕ್ ಟೀಪಾಯಿ ದಾಟುವಾಗ ಆಯತಪ್ಪಿ ಬಿದ್ದು ಭುಜದ ಕೀಲು ತಪ್ಪಿತು. ಶೂಟಿಂಗ್ ಅಲ್ಲಿಗೇ ನಿಂತಿತು, ಅವರು ಆಸ್ಪತ್ರೆಗೆ. ಮುಂದಿನ ಕಂತಿನಲ್ಲಿ ಜೋಯಿಯ ಕೈ ಜೋಳಿಗೆಯಲ್ಲಿದೆ. ಮಂಚದ ಮೇಲೆ ಕುಣಿಯುವಾಗ ಬಿದ್ದ ಅಂತ ಕಥೆ ಕಟ್ಟಿದರು. ಆ ಬಿದ್ದ ಟೇಕನ್ನು 2021ರ ಮೇನಲ್ಲಿ ಬಂದ ಪುನರ್ಮಿಲನದ ಕಾರ್ಯಕ್ರಮದಲ್ಲಿ ತೋರಿಸಿದರು. ಭಾರತದಲ್ಲಿ ಅದು ಜೀ5ನಲ್ಲಿ ಬಂದಿತ್ತು. ಹುಡುಕಿ ನೋಡಿ. ಜನ ಮೊದಲು ನಗುತ್ತಾರೆ, ಆಮೇಲೆ ಸದ್ದೇ ಇಲ್ಲ.

ಅಭಿಮಾನಿಗಳು ಹಿಡಿಯುವ ‘ತಪ್ಪು’ಗಳಲ್ಲಿ ಎರಡು ಜಾತಿ ಇವೆ. ಒಂದು ಕತ್ತರಿಯ ತಪ್ಪು, ಇನ್ನೊಂದು ಲೇಖನಿಯ ತಪ್ಪು. ಕೈಯಲ್ಲಿದ್ದ ಕಾಫಿ ಕಪ್ ಮರುಕ್ಷಣ ಮೇಜಿನ ಮೇಲೆ, ಇಲ್ಲದ ಕೋಟು ಮೈಮೇಲೆ, ಇವೆಲ್ಲ ಕತ್ತರಿಯವು. ಎರಡು ಬೇರೆ ಟೇಕ್ ಅಂಟಿಸಿರುತ್ತಾರೆ, ಇಲ್ಲವೇ ನಡುವಿನ ಮಾತು ಹಾರಿಸಿರುತ್ತಾರೆ. ಎಡಿಟರ್‌ಗೆ ಅದು ಗೊತ್ತಿಲ್ಲ ಅಂದುಕೊಳ್ಳಬೇಡಿ. ನಗು ಚೆನ್ನಾಗಿರುವ ಟೇಕಿಗೂ ಕಪ್ ಸರಿಯಾಗಿರುವ ಟೇಕಿಗೂ ಸ್ಪರ್ಧೆ ಬಿದ್ದರೆ ಕಪ್ ಸೋಲುತ್ತದೆ. ಸೋಲಲೇಬೇಕು.

ರಾಸ್‌ನ ವಯಸ್ಸು ಮಾತ್ರ ಶುದ್ಧ ಲೇಖನಿಯ ತಪ್ಪು. ಮೂರನೇ ಸೀಸನ್ನಿನಲ್ಲಿ 29 ಅಂತಾನೆ, ನಾಲ್ಕರಲ್ಲೂ 29, ಐದರಲ್ಲೂ 29! ಹುಟ್ಟಿದ ದಿನ ನೋಡಿದರೆ ಇನ್ನೂ ಮಜಾ. ಮೊದಲ ಸೀಸನ್ನಿನ ನಾಲ್ಕನೇ ಕಂತಿನ ಕಥೆ ಅಕ್ಟೋಬರ್ 20ಕ್ಕೆ ನಡೆಯುತ್ತದೆ. ಅವತ್ತು ತನ್ನ ಹುಟ್ಟುಹಬ್ಬ ಏಳು ತಿಂಗಳ ಹಿಂದೆಯೇ ಆಯಿತು ಅಂತಾನೆ. ಅಂದರೆ ಮಾರ್ಚ್. ನಾಲ್ಕನೇ ಸೀಸನ್ನಿನಲ್ಲಿ ಅಕ್ಟೋಬರ್ 18 ಅಂತಾನೆ. ಹಾಗೆಯೇ ಮೊದಲ ಕಂತಿನಲ್ಲಿ ರೇಚಲ್‌ಗೆ ಚಾಂಡ್ಲರ್‌ನನ್ನು ಹೊಸಬನ ಹಾಗೆ ಪರಿಚಯ ಮಾಡಿಸುತ್ತಾರೆ. ಐದನೇ ಸೀಸನ್ನಿನ ಫ್ಲ್ಯಾಶ್‌ಬ್ಯಾಕ್ ನೋಡಿದರೆ ಇಬ್ಬರೂ 1987ರಲ್ಲೇ ಒಂದೇ ಮನೆಯಲ್ಲಿ ಹಬ್ಬದ ಊಟಕ್ಕೆ ಸೇರಿದ್ದರು. ವರ್ಷಕ್ಕೆ ಇಪ್ಪತ್ತನಾಲ್ಕು ಕಂತಿನ ಆಸುಪಾಸು ಬರೆಯುವ ಕೋಣೆಯಲ್ಲಿ ಹಳೆ ಲೆಕ್ಕ ಯಾರು ಇಡುತ್ತಾರೆ? ಆಗ ಇಡೀ ಸರಣಿಯನ್ನು ಒಂದೇ ವಾರದಲ್ಲಿ ಕೂತು ನೋಡುವ ಜನರೂ ಇರಲಿಲ್ಲ.

ಮನೆ ನಂಬರಿನದ್ದು ತಿದ್ದಿಕೊಂಡ ತಪ್ಪು. ಮೊದಮೊದಲು ಮೋನಿಕಾ ಮನೆಯ ಬಾಗಿಲ ಮೇಲೆ 5, ಎದುರು ಮನೆಗೆ 4. ಕಿಟಕಿಯಿಂದ ನೋಡಿದರೆ ಮನೆ ಎತ್ತರದಲ್ಲಿದೆ. 5 ಅಂದರೆ ಕೆಳಗಿನ ಮಹಡಿ ಆಗುತ್ತದಲ್ಲ ಅಂತ ಹೊಳೆದು 20, 19 ಮಾಡಿದರು. ಬಾಗಿಲಿನ ಒಳಗಡೆ ಇಣುಕುಗಂಡಿಯ ಸುತ್ತ ಇರುವ ಹಳದಿ ಚೌಕಟ್ಟು ಅದೃಷ್ಟದ ಕೂಸು. ಅದರಲ್ಲಿ ಕನ್ನಡಿ ಇತ್ತು, ಸೆಟ್ ಹಾಕುವಾಗ ಕೈತಪ್ಪಿ ಒಡೆಯಿತು. ಸೆಟ್ ಅಲಂಕಾರದ ಗ್ರೆಗ್ ಗ್ರಾಂಡೆ ಖಾಲಿ ಚೌಕಟ್ಟನ್ನೇ ಬಾಗಿಲಿಗೆ ನೇತುಹಾಕಿ ನೋಡಿದರು, ಅದು ಹಾಗೇ ಹತ್ತು ವರ್ಷ ಉಳಿಯಿತು. ಗೋಡೆಗೆ ನೇರಳೆ ಬಣ್ಣ ಹಚ್ಚಿಸಿದ್ದು ಕಲಾ ನಿರ್ದೇಶಕ ಜಾನ್ ಶಾಫ್ನರ್. ಚಾನೆಲ್ ಬದಲಾಯಿಸುತ್ತಿರುವವರಿಗೆ ಗೋಡೆ ನೋಡಿದ ಕೂಡಲೇ ಯಾವ ಧಾರಾವಾಹಿ ಅಂತ ತಿಳಿಯಬೇಕು, ಅದಕ್ಕೆ. ಕಾಫಿ ಅಂಗಡಿಯ ಆ ಕಿತ್ತಳೆ ಸೋಫಾ ಇವರಿಗೇ ಯಾವಾಗಲೂ ಹೇಗೆ ಖಾಲಿ ಸಿಗುತ್ತದೆ ಅಂತ ತಂಗಿ ಕೇಳಿದರೆ ಮುಂದಿನ ಮೇಜಿನ ಮೇಲೆ ನೋಡಲು ಹೇಳಿ. ‘ರಿಸರ್ವ್ಡ್’ ಅಂತ ಒಂದು ಪುಟ್ಟ ಬೋರ್ಡ್ ಇರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಮಾಡಿದವರೇ ಹಾಕಿದ ಕತ್ತರಿ. ಬೇರೆಯವರು ಹಾಕುವ ಕತ್ತರಿ ಬೇರೆ ಥರ, ಅದರ ಮೇಲೆ ನನಗೆ ಸಿಟ್ಟಿದೆ. 2022ರ ಫೆಬ್ರವರಿಯಲ್ಲಿ ಚೀನಾದ ಒಟಿಟಿಗಳಲ್ಲಿ ‘ಫ್ರೆಂಡ್ಸ್’ ಮತ್ತೆ ಬಂದಾಗ ರಾಸ್‌ನ ಮೊದಲ ಹೆಂಡತಿ ಕ್ಯಾರಲ್ ಇನ್ನೊಬ್ಬ ಹೆಂಗಸನ್ನು ಪ್ರೀತಿಸುವ ವಿಷಯವನ್ನೇ ತೆಗೆದುಹಾಕಿದ್ದರು. ರಾಸ್ ಮೊದಲ ಕಂತಿನಲ್ಲಿ ಅಷ್ಟು ಅಳುಮುಖ ಮಾಡಿಕೊಂಡು ಯಾಕೆ ಬರುತ್ತಾನೆ ಅನ್ನುವುದೇ ಗೊತ್ತಾಗದ ಹಾಗೆ. ಅಮೆರಿಕವೇನೂ ಕಡಿಮೆಯಿಲ್ಲ. 1996ರ ಜನವರಿಯಲ್ಲಿ ಕ್ಯಾರಲ್ ಮದುವೆಯ ಕಂತು ಬಂದಾಗ ಟೆಕ್ಸಸ್‌ನ ಪೋರ್ಟ್ ಆರ್ಥರ್, ಒಹಾಯೊದ ಲೈಮಾ ಊರಿನ ಎರಡು ಸ್ಥಳೀಯ ಕೇಂದ್ರಗಳು ಅದನ್ನು ತೋರಿಸಲೇ ಇಲ್ಲ. ತೋರಿಸಿದ ಕಡೆಯೂ ಮದುಮಕ್ಕಳ ಮುತ್ತು ಇರಲಿಲ್ಲ, ಅದನ್ನು ಬರೆದೇ ಇರಲಿಲ್ಲ.

ಬ್ರಿಟನ್ನಿನ ಹಾಸ್ಯ ಧಾರಾವಾಹಿ ‘ಫಾಲ್ಟಿ ಟವರ್ಸ್’ನದ್ದು ಸ್ವಲ್ಪ ತೊಡಕಿನ ವಿಷಯ. ಎಲ್ಲ ಸೇರಿ 12 ಕಂತು, 1975ರಲ್ಲಿ ಆರು, 1979ರಲ್ಲಿ ಆರು. ‘ದಿ ಜರ್ಮನ್ಸ್’ ಕಂತಿನಲ್ಲಿ ಮುದುಕ ಮೇಜರ್ ಬಾಯಲ್ಲಿ ಕರಿಯರನ್ನು ಹೀಗಳೆಯುವ ಮಾತುಗಳಿವೆ. ಬಿಬಿಸಿ 2013ರ ಮರುಪ್ರಸಾರದಲ್ಲಿ ಅವನ್ನು ತೆಗೆಯಿತು. 2020ರಲ್ಲಿ ಒಂದು ಒಟಿಟಿ ಇಡೀ ಕಂತನ್ನೇ ಕೆಲ ದಿನ ಎತ್ತಿಟ್ಟಿತು, ಗದ್ದಲ ಆದಮೇಲೆ ಮುಂದೆ ಒಂದು ಎಚ್ಚರಿಕೆಯ ಮಾತು ಹಾಕಿ ವಾಪಸ್ ತಂದಿತು. ಅಲ್ಲಿ ನಗೆ ಇರುವುದು ಆ ಮುದುಕನ ಕೊಳೆತ ತಲೆಯ ಮೇಲೆ. ಆದರೆ ಆ ಪದ ಕಿವಿಗೆ ಬಿದ್ದಾಗ ನೋಯುವವರು ನೋಯುತ್ತಾರೆ. ನನ್ನನ್ನು ಕೇಳಿದರೆ ಎಚ್ಚರಿಕೆ ಹಾಕಿ ಪೂರ್ತಿ ತೋರಿಸುವುದೇ ವಾಸಿ.

ಎಲ್ಲಕ್ಕಿಂತ ಕೆಟ್ಟದ್ದು ಮರುಪ್ರಸಾರದ ಕತ್ತರಿ. ವರ್ಷ ಕಳೆದ ಹಾಗೆ ಜಾಹೀರಾತು ಜಾಸ್ತಿಯಾಗುತ್ತದೆ, 22 ನಿಮಿಷವೂ ಭಾರವಾಗುತ್ತದೆ. ಒಂದೋ ಇನ್ನಷ್ಟು ಕತ್ತರಿಸುತ್ತಾರೆ, ಇಲ್ಲವೇ ಓಡಿಸುತ್ತಾರೆ. ಅಮೆರಿಕದ ಒಂದು ಕೇಬಲ್ ಚಾನೆಲ್ ‘ಸೈನ್‌ಫೆಲ್ಡ್’ ಅನ್ನು ಏಳೆಂಟು ಶೇಕಡಾ ವೇಗವಾಗಿ ಓಡಿಸುತ್ತಿದೆ ಅನ್ನುವುದು 2015ರಲ್ಲಿ ಸುದ್ದಿಯಾಯಿತು. ಒಬ್ಬ ಅಭಿಮಾನಿ ಹಳೆಯ ರೆಕಾರ್ಡಿಂಗನ್ನು ಪಕ್ಕದಲ್ಲಿಟ್ಟು ತೋರಿಸಿದ್ದ.

ನಾನೂ ಆ ಪಾಪ ಮಾಡಿದವನೇ. ಒಂದು ಚಾನೆಲ್‌ನಲ್ಲಿದ್ದಾಗ ಹಾಸ್ಯ ಧಾರಾವಾಹಿಯೊಂದರ ಮರುಪ್ರಸಾರಕ್ಕೆ ಕಂತಿಗೆ ಎರಡು ನಿಮಿಷ ಇಳಿಸುವ ಕೆಲಸ ಬಂತು. ದಿನಕ್ಕೆ ಎಂಟು ಕಂತು. ಒಂದರಲ್ಲಿ ಅಜ್ಜಿ ಬೀಗದ ಕೈಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುವ ಚಿಕ್ಕ ಸೀನ್ ಇತ್ತು. ಮಾತಿಲ್ಲ, ನಗುವಿಲ್ಲ, ಹನ್ನೆರಡು ಸೆಕೆಂಡ್. ತೆಗೆದುಬಿಟ್ಟೆ. ಕೊನೆಯ ದೊಡ್ಡ ಜೋಕ್ ಇದ್ದದ್ದೇ ಅನ್ನಕ್ಕೆ ಅಕ್ಕಿ ಅಳೆಯುವಾಗ ಆ ಬೀಗದ ಕೈ ಪಾತ್ರೆಗೆ ‘ಟಣ್’ ಅಂತ ಬೀಳುವುದರಲ್ಲಿ. ಪ್ರಸಾರದ ದಿನ ಅಮ್ಮ ಊರಿಂದ ಫೋನ್ ಮಾಡಿದರು: ‘ಅಕ್ಕಿ ಡಬ್ಬದೊಳಗೆ ಬೀಗದ ಕೈ ಯಾಕಿತ್ತೋ?’

ಅವತ್ತಿನಿಂದ ನಗು ಬರದ ಸೆಕೆಂಡುಗಳ ಮೇಲೆ ನನಗೆ ಗೌರವ ಜಾಸ್ತಿ.

ನಿಜವಾದ ‘ಫ್ರೆಂಡ್ಸ್’ ಯಾವುದು ಅಂತ ಕೇಳಿದ್ದೀರಿ. ನನ್ನ ವೋಟು ಎನ್‌ಬಿಸಿ ಕಟ್ಟಿಗೆ, ಅಂದರೆ ನಿಮಗೆ ನಿರಾಸೆ ತಂದ ಒಟಿಟಿ ಕಟ್ಟಿಗೆ. ಕೋಪ ಮಾಡಿಕೊಳ್ಳಬೇಡಿ. ಡಿವಿಡಿಯಲ್ಲಿ ಉಳಿದ ಬಾಲಗಳನ್ನು ಎದುರುಗಡೆ ಇಟ್ಟುಕೊಂಡು ನೋಡಿದ್ದೇನೆ. ದೊಡ್ಡ ನಗುವಿನ ಮೇಲೆ ಸೀನ್ ಮುಗಿದರೆ ಅದರ ಬಿಸಿ ಮುಂದಿನ ಸೀನಿಗೆ ಹೋಗುತ್ತದೆ. ಅದಾದ ಮೇಲೆ ಎರಡು ಸಣ್ಣ ಜೋಕ್ ಬಂದರೆ ಬಿಸಿ ಆರಿಹೋಗುತ್ತದೆ. ನಿಮಗೆ ಅವು ಪ್ರಿಯ, ಯಾಕೆಂದರೆ ಹಾಸ್ಟೆಲ್ಲಿನಲ್ಲಿ ಗೆಳತಿಯರ ಜೊತೆ ಹೇಳಿ ಹೇಳಿ ಅವು ನಿಮ್ಮವಾಗಿವೆ. ಆದರೆ ಚಿತ್ರದ ಚೌಕಟ್ಟಿನ ವಿಷಯದಲ್ಲಿ ನಿಮ್ಮ ಡಿವಿಡಿಯೇ ಸರಿ. ಆ ಚೌಕವನ್ನು ನೋಡಿಕೊಂಡೇ ಅವರು ಆರು ಜನರನ್ನು ಒಂದು ಸೋಫಾದ ಸುತ್ತ ಒತ್ತಿ ಕೂರಿಸಿದ್ದು. ಹಾಗಾಗಿ ನನಗೆ ಬೇಕಾದ ‘ಫ್ರೆಂಡ್ಸ್’ ಒಟಿಟಿಯ ಉದ್ದದ್ದು, ಡಿವಿಡಿಯ ಅಗಲದ್ದು. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ಮುಂದೆ ಎಲ್ಲಾದರೂ ನೋಡುವಾಗ ಯಾವ ಕಟ್ ಅಂತ ತಿಳಿಯಲು ಎರಡು ಗುರುತು ಸಾಕು. ಉದ್ದ 22 ನಿಮಿಷದ ಆಸುಪಾಸು ಇದ್ದರೆ ಎನ್‌ಬಿಸಿ ಕಟ್, 24–25ಕ್ಕೆ ಹೋದರೆ ಡಿವಿಡಿಯದ್ದು. ಚಿತ್ರ ಚೌಕವಾಗಿದ್ದರೆ ಹಳೆಯದು, ಪರದೆ ತುಂಬಿದರೆ 2012ರ ನಂತರದ್ದು. ಏಳನೇ ಸೀಸನ್ನಿನಲ್ಲಿ ಮಾತ್ರ ಮೋಸ ಹೋಗಬೇಡಿ. 2001ರ ಫೆಬ್ರವರಿಯಲ್ಲಿ ಎದುರಾಳಿ ಚಾನೆಲ್ ಅದೇ ಹೊತ್ತಿಗೆ ‘ಸರ್ವೈವರ್’ ಅನ್ನುವ ರಿಯಾಲಿಟಿ ಶೋ ತಂದು ಕೂರಿಸಿದ್ದಕ್ಕೆ ಎನ್‌ಬಿಸಿಯೇ ಕೆಲವು ಕಂತುಗಳನ್ನು ಹತ್ತು ನಿಮಿಷ ಹಿಗ್ಗಿಸಿ, 40 ನಿಮಿಷದ ಜಾಗದಲ್ಲಿ ತೋರಿಸಿತ್ತು. ಅಲ್ಲಿ ಉದ್ದ ನೋಡಿ ತೀರ್ಪು ಕೊಡಲು ಆಗುವುದಿಲ್ಲ.

ಆ ಡಿಸ್ಕುಗಳು ಇನ್ನೂ ಇದ್ದರೆ ದಯವಿಟ್ಟು ಎಸೆಯಬೇಡಿ. ಎಕ್ಸ್‌ಟೆಂಡೆಡ್ ಕಟ್ ಎಚ್‌ಡಿಯಲ್ಲಿ ಬಂದಿಲ್ಲ. ಬಿಸಿಲು ಬೀಳದ ಕಡೆ, ನಿಲ್ಲಿಸಿ ಇಡಿ. ತಂಗಿಯನ್ನು ಪಕ್ಕ ಕೂರಿಸಿಕೊಂಡು ಒಂದೇ ಕಂತನ್ನು ಎರಡರಲ್ಲೂ ಹಾಕಿ. ಡಿವಿಡಿ ಡ್ರೈವ್ ಇರುವ ಲ್ಯಾಪ್‌ಟಾಪ್ ಹುಡುಕುವುದೊಂದೇ ಕಷ್ಟ. ನನ್ನದು ಕಳೆದ ಯುಗಾದಿಗೆ ಕೈಕೊಟ್ಟಿತು, ರಿಪೇರಿಯವನು ಅದನ್ನು ಮ್ಯೂಸಿಯಮ್ಮಿಗೆ ಕೊಡಿ ಅಂದ.